ಪ್ರಾಥಮಿಕ ಶಾಲೆಯ ಕಡೆಯ ತಾಸು

ಹೆಣ್ಣುಮಕ್ಕಳ ಹಾಯಸ್ಕೂಲಿನ ಸ್ಮರಣ ಸಂಚಿಕೆಯಲ್ಲಿ ಪ್ರಾಥಮಿಕ ಇಯತ್ತೆಗಳ ವಿಷಯವನ್ನೆತ್ತಿ ಬರೆಯುವದು ಕೆಲವರಿಗೆ ಅಪ್ರಸ್ತುತವಾಗಿ ತೋರೀತು. ಆದರೆ ಎಂಟನೆಯ ಇಯತ್ತೆಗೆ ಬಂದು ನಮ್ಮೆದುರಿಗೆ ಕುಳಿತುಕೊಳ್ಳುವ ಹುಡುಗಿಯು ಎಂಥವಳಾಗಿರುವಳೆಂಬದು ಬಹುಮಟ್ಟಿಗೆ ನಾಲ್ಕನೆಯ ಮತ್ತು ಐದನೆಯ ಇಯತ್ತೆಗಳಲ್ಲಿಯೇ ಗೊತ್ತಾಗಿಬಿಟ್ಟಿರುತ್ತದೆ. ಹೇಳಿಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸುವ, ಅಕ್ಷರ ದುಂಡಗಿರುವ, ಆದರೆ ಮೂರು ವರ್ಷದಲ್ಲಿ ಒಮ್ಮೆಯಾದರೂ ತಾನಾಗಿ ಒಂದು ಪ್ರಶ್ನೆಯನ್ನು ಕೇಳದೆ ಹೊರಟುಹೋಗುವ ವಿದ್ಯಾರ್ಥಿನಿಯರನ್ನು ಹಾಯಸ್ಕೂಲಿನ ಉಪಾಧ್ಯಾಯಿನಿಯರೆಲ್ಲರೂ ಬಲ್ಲರು. ಆ ಮೌನವನ್ನು ನಮ್ಮ ಹಿರಿಯರು ವಿನಯವೆಂದು ಹೊಗಳಿದರು. ನಾನು ಅದನ್ನು ವಿನಯವೆಂದು ಒಪ್ಪಲಾರೆನು. ಅದು ಬಳಕೆ ತಪ್ಪಿದ ಒಂದು ಶಕ್ತಿ.

ಈ ಕಾರಣದಿಂದಲೇ ನಮ್ಮ ಪ್ರಾಥಮಿಕ ವಿಭಾಗದಲ್ಲಿ ನಾಲ್ಕನೆಯ ಹಾಗೂ ಐದನೆಯ ಇಯತ್ತೆಗಳಿಗೆ ದಿನದ ಕಡೆಯ ತಾಸನ್ನು ಪಠ್ಯಪುಸ್ತಕದ ಹಿಡಿತದಿಂದ ಬಿಡಿಸಿ ಇಟ್ಟಿದ್ದೇವೆ. ತಾಸೆಂದು ಹೇಳಿದರೂ ಅದು ಗಡಿಯಾರದ ನಲವತ್ತೇ ನಿಮಿಷ. ಶಾಲೆಯ ತಾಸುಗಳು ಲೋಕದ ತಾಸುಗಳಿಗಿಂತ ಯಾವಾಗಲೂ ಗಿಡ್ಡವಾಗಿರುತ್ತವೆ. ಆಂಗ್ಲ ಭಾಷೆಯಲ್ಲಿ ‘ಎನ್‌ರಿಚ್‌ಮೆಂಟ್’ ಎಂದು ಕರೆಯಲ್ಪಡುವ ಈ ಕಾರ್ಯಕ್ರಮಕ್ಕೆ ವೇಳಾಪತ್ರಿಕೆಯಲ್ಲಿ ‘ಸಂವರ್ಧನ’ ಎಂಬ ಗಂಭೀರವಾದ ಹೆಸರಿದೆ. ಹುಡುಗಿಯರು ಅದನ್ನು ‘ಕಡೇ ತಾಸು’ ಎಂದಷ್ಟೇ ಅನ್ನುತ್ತಾರೆ. ನನಗೆ ಅವರ ಹೆಸರೇ ಹೆಚ್ಚು ಒಪ್ಪಿಗೆ.

ಈಗ ಈ ತಾಸಿನ ಮೇಲೆ ಕಣ್ಣು ಬಿದ್ದಿದೆ. ಐದನೆಯ ಇಯತ್ತೆಯ ಮಕ್ಕಳನ್ನು ನವೋದಯ ವಿದ್ಯಾಲಯದ ಹಾಗೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗಳಿಗೆ ಸಿದ್ಧಪಡಿಸುವದಕ್ಕಾಗಿ ಈ ವೇಳೆಯನ್ನು ಶಿಕವಣಿಗೆ ಬಿಟ್ಟುಕೊಡಬೇಕೆಂದು ಅನೇಕ ಪಾಲಕರು ಆಡಳಿತ ಮಂಡಳಿಗೆ ಬಿನ್ನಹ ಮಾಡಿಕೊಂಡಿದ್ದಾರೆ. ಮಂಡಳಿಯವರು ನನ್ನ ಅಭಿಪ್ರಾಯವನ್ನು ಕೇಳಿದ್ದಾರೆ. ಅವರಿಗೆ ಹೇಳತಕ್ಕದ್ದನ್ನು ಹಳೆಯ ವಿದ್ಯಾರ್ಥಿನಿಯರೂ ಪಾಲಕರೂ ಓದಲೆಂದು ಇಲ್ಲಿಯೂ ಬರೆಯುತ್ತೇನೆ.

ಮೊದಲು ಆ ತಾಸಿನಲ್ಲಿ ಏನು ನಡೆಯುತ್ತದೆಂಬದನ್ನು ತಿಳಿಸಬೇಕು. ಏಕೆಂದರೆ ಹೊರಗಿನವರು ಅದನ್ನು ಹಾಡು, ಕುಣಿತ, ಬಣ್ಣದ ಕಾಗದಗಳ ವೇಳೆಯೆಂದು ತಿಳಿದಿದ್ದಾರೆ.

ಅಂಗಳದಲ್ಲಿ ಒಂದು ಮೀಟರು ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದೇವೆ. ಪ್ರತಿದಿನವೂ ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರು ಹುಡುಗಿಯರು ಅದರ ನೆರಳನ್ನು ಅಳೆದು, ದಿಕ್ಕನ್ನು ನೋಡಿ, ದಿನಚರಿಯ ಪುಸ್ತಕದಲ್ಲಿ ಬರೆಯುತ್ತಾರೆ. ಮೋಡವಿದ್ದರೆ ‘ಮೋಡ’ ಎಂದು ಬರೆಯುತ್ತಾರೆ. ಕಡೆಯ ತಾಸಿನಲ್ಲಿ ಆ ದಿನದ ಅಂಕೆಯನ್ನು ಹಿಂದಿನ ಅಂಕೆಗಳೊಡನೆ ಹೋಲಿಸಿ ನೋಡುವದು, ಇಷ್ಟೇ ಕೆಲಸ. ಕೋಲಿಗೆ ಖರ್ಚಾದದ್ದು ಏನೂ ಇಲ್ಲ. ಆದರೆ ಆ ಕೋಲು ಕಲಿಸುವಷ್ಟನ್ನು ಕಲಿಸುವ ಪಾಠೋಪಕರಣವನ್ನು ನಾನು ಯಾವ ಅಂಗಡಿಯಲ್ಲಿಯೂ ಕಂಡಿಲ್ಲ. ಧಾರವಾಡ ಸೀಮೆಯ ನಮ್ಮ ಅಕ್ಷಾಂಶವು ಸುಮಾರು ಹದಿನೈದೂವರೆ ಅಂಶ. ಜೂನ್ ತಿಂಗಳಲ್ಲಿ ಸೂರ್ಯನು ನಡುಹಗಲಿನಲ್ಲಿ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ನಿಂತಿರುತ್ತಾನಾದ್ದರಿಂದ ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಅದರ ಉದ್ದವು ಹದಿನಾಲ್ಕು ಸೆಂಟಿಮೀಟರಿನಷ್ಟು. ಆಗಸ್ಟಿನ ಎರಡನೆಯ ವಾರದಲ್ಲಿ ಅವನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ; ಆಗ ನೆರಳೇ ಇಲ್ಲ. ಅಲ್ಲಿಂದ ಮುಂದೆ ನೆರಳು ಉತ್ತರಕ್ಕೆ ತಿರುಗಿ ಬೆಳೆಯುತ್ತ ಬೆಳೆಯುತ್ತ ಡಿಸೆಂಬರಿನಲ್ಲಿ ಎಂಬತ್ತು ಸೆಂಟಿಮೀಟರಿನಷ್ಟಾಗುತ್ತದೆ. ಇದನ್ನು ನಾವು ಮಕ್ಕಳಿಗೆ ಮುಂದಾಗಿ ಹೇಳುವದಿಲ್ಲ. ಕಳೆದ ವರ್ಷ ಆಗಸ್ಟಿನ ಬಹುಭಾಗವೆಲ್ಲ ಪುಸ್ತಕದ ತುಂಬ ‘ಮೋಡ, ಮೋಡ’ ಎಂದೇ ಇತ್ತು. ತಿಂಗಳ ಕಡೆಯಲ್ಲಿ ಬಿಸಿಲು ಬಿದ್ದಾಗ ಅಳೆಯಹೋದ ನಾಲ್ಕನೆಯ ಇಯತ್ತೆಯ ಹುಡುಗಿಯೊಬ್ಬಳು ಓಡುತ್ತ ಬಂದು, “ಅಕ್ಕೋರ್ರೀ, ನೆಳ್ಳು ಮಗ್ಗಲ ಬದಲಿಸೈತ್ರೀ!” ಎಂದಳು. ಬಡಗಣಕ್ಕೆ ನಾಲ್ಕು ಬೆರಳಿನಷ್ಟು ನೆರಳು ಬಿದ್ದಿತ್ತು. ಮೋಡದ ಮರೆಯಲ್ಲಿ ಏನೋ ನಡೆದುಹೋಗಿದೆಯೆಂಬದನ್ನು ಅವಳು ಎರಡು ಅಂಕೆಗಳಿಂದ ಊಹಿಸಿದಳು. ಈ ಹುಡುಗಿಯ ಲೆಕ್ಕದ ಪುಸ್ತಕವು ಕೆಂಪು ಗೆರೆಗಳಿಂದ ತುಂಬಿರುತ್ತದೆ; ಭಾಗಾಕಾರವು ಅವಳಿಗೆ ಈಗಲೂ ಕಷ್ಟವೇ. ಕೋಲಿನ ಮಹಿಮೆಯಿಂದ ಅವಳು ಲೆಕ್ಕದಲ್ಲಿ ಮೊದಲಿನವಳಾದಳೆಂದು ಹೇಳಿದರೆ ಸುಳ್ಳಾದೀತು. ಆದರೆ ಆ ದಿನ ಇಡೀ ವರ್ಗದ ಮುಂದೆ ಒಂದು ಹೊಸ ಸಂಗತಿಯನ್ನು ತಂದವಳು ಅವಳು, ಮತ್ತು ಅದನ್ನು ವರ್ಗವು ಮರೆತಿಲ್ಲ.

ಐದನೆಯ ಇಯತ್ತೆಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅತಿ ಗಿಡ್ಡ ನೆರಳು ಗಡಿಯಾರದ ಹನ್ನೆರಡಕ್ಕೆ ಏಕೆ ಬೀಳುವದಿಲ್ಲ, ಹನ್ನೆರಡೂವರೆಯ ಆಸುಪಾಸಿಗೆ ಏಕೆ ಬೀಳುತ್ತದೆ? ಭಾರತದ ಗಡಿಯಾರವು 1906ರಿಂದ ಎಂಬತ್ತೆರಡೂವರೆ ಅಂಶದ ರೇಖಾಂಶವನ್ನು ಅನುಸರಿಸಿ ನಡೆಯುತ್ತದೆ. ನಾವಿರುವದು ಎಪ್ಪತ್ತೈದರ ಹತ್ತಿರ. ಒಂದೊಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಏಳೂವರೆ ಅಂಶಕ್ಕೆ ಅರ್ಧ ಗಂಟೆ. ಗುಣಾಕಾರದ ಈ ಒಂದು ಲೆಕ್ಕದಲ್ಲಿ ಭೂಗೋಲವೂ ಚರಿತ್ರೆಯೂ ತಾವಾಗಿ ಬಂದು ಸೇರುತ್ತವೆ. ನಮ್ಮ ಊರಿನ ಸೂರ್ಯನು ಸರಕಾರಿ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದಿದ್ದಾನೆಂದು ತಿಳಿದಾಗ ಮಕ್ಕಳಿಗಾಗುವ ಸಂತೋಷವನ್ನು ನೋಡಬೇಕು. ಶಾಲೆಗೆ ತಡವಾಗಿ ಬಂದ ಒಬ್ಬಾಕೆಯು ಇದನ್ನೇ ತನ್ನ ಸಮರ್ಥನೆಯಾಗಿ ಹೇಳಿದ್ದೂ ಉಂಟು.

ಮಳೆಗಾಲದಲ್ಲಿ ನೆಟ್ಟಗಿನ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ಮಳೆಯನ್ನು ಅಳೆಯುತ್ತಾರೆ. ಒಂದು ಮಿಲಿಮೀಟರು ಮಳೆಯೆಂದರೆ ಒಂದು ಚದರ ಮೀಟರಿನ ಮೇಲೆ ಒಂದು ಲೀಟರು ನೀರು. ನೂರು ಚದರ ಮೀಟರು ಚಾವಣಿಯ ಮೇಲೆ ಹತ್ತು ಮಿಲಿಮೀಟರು ಸುರಿದರೆ ಸಾವಿರ ಲೀಟರು. ಈ ಲೆಕ್ಕವನ್ನು ಮನೆಗೊಯ್ದ ಹುಡುಗಿಯರು ಟ್ಯಾಂಕರಿನ ನೀರಿಗೆ ದುಡ್ಡು ಕೊಡುವ ತಂದೆತಾಯಿಗಳನ್ನು ಏನೇನು ಕೇಳಿದರೆಂಬದು ನನ್ನವರೆಗೂ ಬಂದಿದೆ.

ಓದಿನ ವಿಷಯದಲ್ಲಿ ನಾವು ಅನುಸರಿಸುವ ಕ್ರಮವು ಇಂಗ್ಲೆಂಡಿನ ಶಾರ್ಲೊಟ್ ಮೇಸನ್ನಳದು. 1923ರಲ್ಲಿ ತೀರಿಕೊಂಡ ಈ ಶಿಕ್ಷಣತಜ್ಞೆಯು ಮಗುವು ಒಳ್ಳೆಯ ಪುಸ್ತಕದ ಭಾಗವೊಂದನ್ನು ಒಂದೇ ಸಲ ಓದಿ ಅಥವಾ ಕೇಳಿ, ಪುಸ್ತಕವನ್ನು ಮುಚ್ಚಿ, ತನ್ನ ಮಾತಿನಲ್ಲಿ ತಿರುಗಿ ಹೇಳಬೇಕೆಂದು ಕಲಿಸಿದಳು. ಎರಡನೆಯ ಸಲ ಓದಲು ಅವಕಾಶವಿಲ್ಲ. ಉಪಾಧ್ಯಾಯಿನಿಯು ನಡುವೆ ಬಾಯಿ ಹಾಕಕೂಡದು. ಈ ಎರಡನೆಯ ನಿಯಮವು ಹುಡುಗಿಯರಿಗಿಂತ ನಮಗೇ ಕಠಿಣವಾದದ್ದು! ಶಿವರಾಮ ಕಾರಂತರ ‘ಬಾಲಪ್ರಪಂಚ’ದಂಥ ಸಂಪುಟಗಳಿಂದಲೂ, ಊರ ಮುದುಕಿಯರು ಹೇಳಿದ ಕಥೆಗಳಿಂದಲೂ ಭಾಗಗಳನ್ನು ಆರಿಸುತ್ತೇವೆ. ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುವದರಲ್ಲಿ ಚತುರಳಾದ ಹುಡುಗಿಯು ಇಲ್ಲಿ ಆರಂಭದಲ್ಲಿ ತಡವರಿಸುತ್ತಾಳೆ. ಮನೆಯಲ್ಲಿ ಅಜ್ಜಿಯ ಬಾಯಿಂದ ಕಥೆ ಕೇಳಿದವಳು, ಅವಳು ಎಷ್ಟೇ ಬಡವಳಿರಲಿ, ನಿರರ್ಗಳವಾಗಿ ಹೇಳುತ್ತಾಳೆ. ಅಷ್ಟರಮಟ್ಟಿಗೆ ವರ್ಗದ ಮೇಲು ಕೀಳು ಅದಲುಬದಲಾಗುವದು ಎಲ್ಲರಿಗೂ ಹಿತಕರ.

ಕೈಗೆಲಸದ ವಿಷಯವಾಗಿ ನನಗೊಂದು ಹಟವಿದೆ. ಮಿಶನ್ ಶಾಲೆಗಳಲ್ಲಿ ಹೊಲಿಗೆಯನ್ನು ಮೊದಲಿನಿಂದಲೂ ಕಲಿಸಿದ್ದಾರೆ. ಒಳ್ಳೆಯ ಗೃಹಿಣಿಯರನ್ನು ಸಿದ್ಧಗೊಳಿಸುವದು ಅದರ ಉದ್ದೇಶವಾಗಿತ್ತು. ಆ ಉದ್ದೇಶವನ್ನು ಬಿಟ್ಟುಕೊಟ್ಟು ಕೆಲಸವನ್ನು ಉಳಿಸಿಕೊಳ್ಳಬೇಕೆಂದು ನನ್ನ ವಾದ. ನಮ್ಮ ಸೀಮೆಯ ಕಸೂತಿಯನ್ನು ತೆಗೆದುಕೊಳ್ಳಿರಿ. ಬಟ್ಟೆಯ ಮೇಲೆ ಚಿತ್ರವನ್ನು ಬರೆದುಕೊಳ್ಳದೆ, ಎಳೆಗಳನ್ನು ಎಣಿಸಿಯೇ ಹಾಕತಕ್ಕ ಕಲೆಯಿದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯಲ್ಲಿ ಸೂಜಿಯು ಒಂದು ಎಡೆ ಬಿಟ್ಟು ಒಂದು ಎಡೆ ಹಾಕುತ್ತ ಮುಂದೆ ಹೋಗಿ, ತಿರುಗಿ ಬರುವಾಗ ಬಿಟ್ಟ ಎಡೆಗಳನ್ನು ತುಂಬುತ್ತದೆ, ಗಂಟು ಹಾಕುವಂತಿಲ್ಲ, ಮುಗಿದ ಮೇಲೆ ಬಟ್ಟೆಯ ಎರಡೂ ಮಗ್ಗಲು ಒಂದೇ ಆಗಿ ಕಾಣಬೇಕು. ಹೊರಟ ದಾರಿಯಿಂದಲೇ ತಿರುಗಿ ಬರಬೇಕಾದರೆ ಕವಲುಗಳನ್ನು ಯಾವ ಕ್ರಮದಲ್ಲಿ ಮುಗಿಸಬೇಕೆಂದು ಮೊದಲೇ ಯೋಚಿಸಬೇಕಾಗುತ್ತದೆ. ಒಂದು ಎಳೆ ತಪ್ಪಿದರೆ ಗೋಪುರದ ಕಳಸವು ಓರೆಯಾಗುತ್ತದೆ, ಮತ್ತು ತಪ್ಪನ್ನು ತೋರಿಸುವದಕ್ಕೆ ಉಪಾಧ್ಯಾಯಿನಿಯು ಬೇಕಾಗುವದಿಲ್ಲ. ಇದು ರೇಖಾಗಣಿತವಲ್ಲದೆ ಮತ್ತೇನು? ಎಳೆ ಎಣಿಸಲು ಬರುವಂಥ ದಪ್ಪ ಬಟ್ಟೆಯ ಗೇಣು ತುಂಡಿನ ಮೇಲೆ ಐದನೆಯ ಇಯತ್ತೆಯವರು ಇದನ್ನು ಮಾಡುತ್ತಾರೆ. ಗಂಡುಮಕ್ಕಳ ಶಾಲೆಗಳಲ್ಲಿಯೂ ಕಲಿಸಿದರೆ ನಷ್ಟವಿಲ್ಲವೆಂದು ಒಂದು ಶಿಕ್ಷಕರ ಕೂಟದಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಾನು ನಗುವದಕ್ಕಾಗಿ ಹೇಳಿದ್ದಿಲ್ಲ.

ಇನ್ನುಳಿದಂತೆ ಅಳಗುಳಿಮಣೆಯ ಆಟ, ಬಾವಿಯ ಮೇಲಿನ ಗೀಜಗದ ಗೂಡುಗಳನ್ನು ನೋಡಿ ಬರೆಯುವದು, ವಾರಕ್ಕೊಮ್ಮೆ ಪ್ರಶ್ನೆಗಳ ಪೆಟ್ಟಿಗೆಯನ್ನು ತೆರೆಯುವದು, ಇಷ್ಟು ಇರುತ್ತವೆ. ಗೂಡನ್ನು ಗಂಡು ಕಟ್ಟುತ್ತದೆ, ಹೆಣ್ಣು ಬಂದು ಪರೀಕ್ಷಿಸಿ ಒಪ್ಪುತ್ತದೆ ಅಥವಾ ಬಿಟ್ಟುಹೋಗುತ್ತದೆ ಎಂಬ ಸಂಗತಿಯು ನಮ್ಮ ಹುಡುಗಿಯರಿಗೆ ಬಹಳ ಪ್ರಿಯವಾದದ್ದು.

ಇಂಥ ಕಲಿಕೆಯು ಜಾಣೆಯರಿಗೆ ಮಾತ್ರ ಸಾಕೆಂದು ಹೇಳುವವರಿದ್ದಾರೆ. ಅಮೇರಿಕದಲ್ಲಿ ಈ ಕಾರ್ಯಕ್ರಮಗಳು ಹುಟ್ಟಿದ್ದು ಹಾಗೆಯೇ, ಪ್ರತಿಭಾವಂತರೆಂದು ಆರಿಸಲ್ಪಟ್ಟ ಮಕ್ಕಳಿಗಾಗಿ. ಆದರೆ 1977ರಲ್ಲಿ ಇದರ ಕ್ರಮವನ್ನು ವಿವರಿಸಿದ ಜೋಸೆಫ್ ರೆನ್ಜುಲಿ ಎಂಬವರು ಅದರಲ್ಲಿ ಮೂರು ಬಗೆಗಳನ್ನು ಮಾಡಿದರು: ಹೊಸ ವಿಷಯಗಳ ಪರಿಚಯ, ಯೋಚಿಸುವ ಮತ್ತು ಶೋಧಿಸುವ ರೀತಿಗಳ ಅಭ್ಯಾಸ, ಹಾಗೂ ಮಗುವು ತಾನೇ ಆರಿಸಿಕೊಂಡ ಸಮಸ್ಯೆಯ ಅನ್ವೇಷಣೆ. ಮೊದಲಿನ ಎರಡು ಎಲ್ಲ ಮಕ್ಕಳಿಗೂ ಸಲ್ಲತಕ್ಕವೆಂಬದು ಅವರ ಮತ. ಯಾವ ಮಗುವಿಗೆ ಯಾವದರಲ್ಲಿ ಆಸಕ್ತಿ ಹುಟ್ಟೀತೆಂದು ಪರಿಚಯ ಮಾಡಿಸುವದಕ್ಕೆ ಮುಂಚೆ ಯಾರು ಬಲ್ಲರು? ನೆರಳಿನ ಹುಡುಗಿಯನ್ನು ಅಂಕಪಟ್ಟಿಯಿಂದ ಆರಿಸುವದಾಗಿದ್ದರೆ ಅವಳು ಕೋಲಿನ ಹತ್ತಿರವೂ ಸುಳಿಯುತ್ತಿರಲಿಲ್ಲ. ತಲಾಂತುಗಳ ಸಾಮ್ಯದಲ್ಲಿ ಒಂದೇ ತಲಾಂತು ಪಡೆದ ಆಳು ಅದನ್ನು ಮಣ್ಣಿನಲ್ಲಿ ಹೂತಿಟ್ಟನೆಂದು ನಾವು ಭಾನುವಾರದ ಶಾಲೆಯಲ್ಲಿ ಅವನನ್ನು ನಿಂದಿಸುತ್ತೇವೆ. ವಾರದ ಉಳಿದ ದಿನಗಳಲ್ಲಿ, ಒಂದೇ ತಲಾಂತುಳ್ಳ ಮಗುವಿನ ಪರವಾಗಿ ನಾವೇ ಗುದ್ದಲಿ ಹಿಡಿಯುತ್ತೇವೆಯೋ ಎಂಬ ಅನುಮಾನ ನನಗುಂಟು.

ಸರಕಾರಿ ಶಾಲೆಗಳು ಈ ದಾರಿಯಲ್ಲಿ ನಮಗಿಂತ ಮುಂದೆ ನಡೆದಿವೆಯೆಂದು ಒಪ್ಪಿಕೊಳ್ಳಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಆರಂಭವಾದ ‘ನಲಿ-ಕಲಿ’ಯು ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿಬಂದ ಸಾಮಾನ್ಯ ಶಿಕ್ಷಕರ ಉತ್ಸಾಹದಿಂದ ಬೆಳೆಯಿತು. ಮಕ್ಕಳು ಸಾಲಾಗಿ ಕೂಡದೆ ಗುಂಪುಗಳಲ್ಲಿ ಕುಳಿತು, ಕಾರ್ಡುಗಳ ಸಹಾಯದಿಂದ ಒಂದೊಂದೇ ಮೆಟ್ಟಿಲನ್ನು ಏರುತ್ತಾರೆ. ಕೆಲವರಿಗೆ ಶಿಕ್ಷಕರ ಪೂರ್ಣ ಸಹಾಯ, ಕೆಲವರಿಗೆ ಗೆಳತಿಯರ ಸಹಾಯ, ಕೆಲವರದು ಸ್ವಂತ ಕಲಿಕೆ. ಮಗುವಿನ ಕೈಗೆಟುಕುವ ಎತ್ತರದಲ್ಲಿ ಗೋಡೆಗೆ ಕರಿಹಲಗೆ, ತಲೆಯ ಮೇಲೆ ಮಕ್ಕಳ ಕೆಲಸಗಳನ್ನು ತೂಗುಬಿಟ್ಟ ಚಪ್ಪರ. ಆದರೆ ಇದು ಮೊದಲ ಮೂರು ಇಯತ್ತೆಗಳಿಗೆ ಮುಗಿಯುತ್ತದೆ. ಅಲ್ಲಿಂದ ನಮ್ಮ ಕಡೆಗೆ ಬರುವ ಹುಡುಗಿಯು ನಾಲ್ಕನೆಯ ಇಯತ್ತೆಯಲ್ಲಿ ಒಮ್ಮೆಲೇ ಬೆಂಚು, ಪುಸ್ತಕ, ಪ್ರಶ್ನೋತ್ತರಗಳ ನಡುವೆ ಬೀಳುತ್ತಾಳೆ. ಕಡೆಯ ತಾಸನ್ನು ನಾವು ನಾಲ್ಕು ಮತ್ತು ಐದರಲ್ಲಿ ಇಟ್ಟದ್ದಕ್ಕೆ ಇದೊಂದು ಮುಖ್ಯ ಕಾರಣ. ಬೆನ್ನಿನ ಮೇಲಿನ ಹೊರೆಗಿಂತಲೂ ಅರ್ಥವಾಗದೆ ಹೊರುವ ಹೊರೆಯೇ ಹೆಚ್ಚು ಕೆಟ್ಟದ್ದೆಂದು ಪ್ರೊಫೆಸರ ಯಶಪಾಲರ ಸಮಿತಿಯು 1993ರಲ್ಲಿಯೇ ತಿಳಿಸಿತು. ಆ ಹೊರೆಯು ಏರತೊಡಗುವದು ಈ ವಯಸ್ಸಿನಲ್ಲಿಯೇ.

ಇನ್ನು ಶಿಕವಣಿಯ ಮಾತು. ಪಾಲಕರ ಬಿನ್ನಹವನ್ನು ನಾನು ಹಗುರವಾಗಿ ಕಾಣುವದಿಲ್ಲ. ನವೋದಯದಲ್ಲಿ ಸ್ಥಳ ಸಿಕ್ಕಿದರೆ ಊಟ, ವಸತಿ, ವಿದ್ಯೆ ಎಲ್ಲವೂ ಉಚಿತ. ಕೂಲಿ ಮಾಡುವ ತಾಯಿಯ ಪಾಲಿಗೆ ಅದು ಏಳು ವರ್ಷದ ಚಿಂತೆಯನ್ನು ಕಳೆಯುವ ಮಾತು. ನೆರಳನ್ನು ಅಳೆದರೆ ಹೊಟ್ಟೆ ತುಂಬೀತೇ ಎಂದು ಅಂಥ ಒಬ್ಬಾಕೆಯು ಕೇಳಿದರೆ ನಾನು ಸಿಟ್ಟಾಗಲಾರೆನು. ಆದರೆ ಲೆಕ್ಕವನ್ನು ಪೂರ್ತಿಯಾಗಿ ನೋಡೋಣ. ಒಂದು ನವೋದಯ ವಿದ್ಯಾಲಯದಲ್ಲಿ ಆರನೆಯ ಇಯತ್ತೆಗೆ ಸೇರಿಸಿಕೊಳ್ಳುವದು ಹೆಚ್ಚೆಂದರೆ ಎಂಬತ್ತು ಮಕ್ಕಳನ್ನು. ಅದರಲ್ಲಿ ನೂರಕ್ಕೆ ಎಪ್ಪತ್ತೈದು ಸ್ಥಳಗಳಾದರೂ ಗ್ರಾಮೀಣ ಮಕ್ಕಳಿಗೆ ಮೀಸಲು. ಮೂರರಲ್ಲಿ ಒಂದು ಪಾಲು ಹುಡುಗಿಯರಿಗೆ. ಇಡೀ ಜಿಲ್ಲೆಯ ಮಕ್ಕಳು ಎರಡು ತಾಸಿನಲ್ಲಿ ಎಂಬತ್ತು ಪ್ರಶ್ನೆಗಳಿಗೆ ಉತ್ತರ ಬರೆದು ಇದಕ್ಕಾಗಿ ಸ್ಪರ್ಧಿಸಬೇಕು. ನಮ್ಮಲ್ಲಿ ಒಬ್ಬಿಬ್ಬರು ಆರಿಸಲ್ಪಟ್ಟರೆ ಸಂತೋಷವೇ. ಆರಿಸಲ್ಪಡದ ಉಳಿದವರಿಗೆ ಆ ವರ್ಷದ ನಲವತ್ತು ನಿಮಿಷಗಳಿಂದ ದೊರೆತದ್ದೇನು? ಸರಿಯುತ್ತರದ ಮನೆಗೆ ಗುರುತು ಹಾಕುವ ಅಭ್ಯಾಸ, ಮತ್ತು ಹತ್ತು ವರ್ಷದ ವಯಸ್ಸಿನಲ್ಲಿಯೇ ‘ನಾನು ಆಗಲಿಲ್ಲ’ ಎಂಬ ಭಾವನೆ. ಕಡೆಯ ತಾಸು ಪರೀಕ್ಷೆಗೂ ಉಪಯೋಗವಾಗುತ್ತದೆ, ಕಸೂತಿ ಹಾಕಿದವಳು ಆಕೃತಿಗಳ ಪ್ರಶ್ನೆಗಳನ್ನು ಬೇಗ ಬಿಡಿಸುತ್ತಾಳೆ ಎಂದು ವಾದಿಸಬೇಕೆಂದು ಸಹೋದ್ಯೋಗಿನಿಯೊಬ್ಬರು ಸೂಚಿಸಿದರು. ಆ ವಾದವನ್ನು ನಾನು ಹೂಡುವದಿಲ್ಲ. ಇಂದು ಪರೀಕ್ಷೆಯ ಹೆಸರಿನಿಂದ ಕಾಪಾಡಿಕೊಂಡದ್ದನ್ನು ನಾಳೆ ಪರೀಕ್ಷೆಯ ಹೆಸರಿನಿಂದಲೇ ಕಳೆದುಕೊಳ್ಳಬೇಕಾಗುತ್ತದೆ.

ಶಿಕವಣಿಗೆ ತಿಂಗಳ ಫೀಯನ್ನು ಇಡಬೇಕೆಂಬ ಸಲಹೆಯೂ ಬಂದಿದೆ. ಇದನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳಕೂಡದೆನ್ನುತ್ತದೆ. 29ನೆಯ ಕಲಮು ಚಟುವಟಿಕೆ, ಶೋಧನೆಗಳ ಮೂಲಕ ಕಲಿಕೆಯಾಗಬೇಕೆನ್ನುತ್ತದೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಆ ಕಾಯಿದೆಯು ಅನ್ವಯಿಸದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟದ್ದನ್ನು ಬಲ್ಲವರೊಬ್ಬರು ನನಗೆ ನೆನಪು ಮಾಡಿಕೊಟ್ಟರು. ಇರಬಹುದು. ಕಾಯಿದೆಯ ಹೊರಗೆ ನಿಲ್ಲುವ ಸ್ವಾತಂತ್ರ್ಯವು ಕಾಯಿದೆಗಿಂತ ಕಡಿಮೆ ಕೊಡುವದಕ್ಕಾಗಿ ನಮಗೆ ದೊರೆತದ್ದೆಂದು ತಿಳಿಯುವದು ಮಿಶನ್ ಶಾಲೆಗೆ ಶೋಭಿಸದು. ಫೀ ಕೊಡಲಾರದ ಹುಡುಗಿಯು ಆ ನಲವತ್ತು ನಿಮಿಷ ಎಲ್ಲಿ ಕುಳಿತಿರಬೇಕೆಂಬದನ್ನು ಸಲಹೆ ಮಾಡಿದವರು ಹೇಳಲಿಲ್ಲ.

ನಮ್ಮ ಉಪಾಧ್ಯಾಯಿನಿಯರದೂ ಒಂದು ದೂರು ಇದೆ, ಅದು ನ್ಯಾಯವಾದದ್ದು. ಮತದಾರರ ಪಟ್ಟಿ, ಸಮೀಕ್ಷೆ, ಮೊಬೈಲಿನಲ್ಲಿ ತುಂಬಬೇಕಾದ ವರದಿಗಳು ಇವೆಲ್ಲ ಮುಗಿದ ಮೇಲೆ ಕಡೆಯ ತಾಸಿಗೆ ಬರುವಷ್ಟರಲ್ಲಿ ಅವರು ದಣಿದಿರುತ್ತಾರೆ. ಆದ್ದರಿಂದ ಈ ತಾಸಿಗಾಗಿ ಪಾಠದ ಟಿಪ್ಪಣಿ ಬರೆಯಬೇಕೆಂಬ ನಿಯಮವನ್ನು ನಾನು ತೆಗೆದುಹಾಕಿದ್ದೇನೆ. ವಾರ್ಷಿಕ ಪ್ರದರ್ಶನದಲ್ಲಿ ಇಡುವದಕ್ಕೆಂದು ಏನನ್ನೂ ಮಾಡಿಸಕೂಡದೆಂದೂ ಹೇಳಿದ್ದೇನೆ. ಏಕೆಂದರೆ ಅತಿಥಿಗಳು ನೋಡುವರೆಂದಾದ ಕೂಡಲೇ ಹುಡುಗಿಯ ಕೈಯಿಂದ ಸೂಜಿಯು ಉಪಾಧ್ಯಾಯಿನಿಯ ಕೈಗೆ ಬರುತ್ತದೆ. ಬಾಲೋದ್ಯಾನವನ್ನು ಮೊದಲು ತೆರೆದ ಫ್ರೋಬೆಲನ ಶಾಲೆಗಳನ್ನು ಪ್ರಶಿಯ ಸರಕಾರವು 1851ರಿಂದ 1860ರ ವರೆಗೆ ಮುಚ್ಚಿಸಿತ್ತು. ಮಕ್ಕಳ ಆಟಕ್ಕೆ ಸರಕಾರಗಳೂ ಹೆದರಿದ್ದುಂಟು. ನಾವು ಹೆದರುವದು ಬರಿಗೈಯಲ್ಲಿ ಕಾಣುವ ಮೇಜಿಗೆ.

ಮಂಡಳಿಗೆ ನಾನು ಬರೆದುಕೊಟ್ಟದ್ದು ಇಷ್ಟು. ಕಡೆಯ ತಾಸು ದಿನಾಲೂ, ಎಲ್ಲ ಹುಡುಗಿಯರಿಗೂ, ಈಗಿರುವಂತೆಯೇ ಇರತಕ್ಕದ್ದು. ವಾರಕ್ಕೊಮ್ಮೆ ಎರಡು ತಾಸು ಕೊಟ್ಟರೆ ಸಾಲದು, ಏಕೆಂದರೆ ನೆರಳೂ ಮಳೆಯೂ ಶುಕ್ರವಾರದ ವರೆಗೆ ಕಾದಿರುವದಿಲ್ಲ. ಪ್ರವೇಶ ಪರೀಕ್ಷೆಗೆ ಕೂಡಬಯಸುವವರಿಗೆ ಶನಿವಾರ ಶಾಲೆ ಬಿಟ್ಟ ಮೇಲೆ ಒಂದೂವರೆ ತಾಸು ಫೀ ಇಲ್ಲದೆ ಪಾಠ ಹೇಳಲಿಕ್ಕೆ ಮೂವರು ಉಪಾಧ್ಯಾಯಿನಿಯರು ಒಪ್ಪಿದ್ದಾರೆ, ಗಣಿತವನ್ನು ನಾನು ವಹಿಸಿಕೊಂಡಿದ್ದೇನೆ. ಹಳ್ಳಿಯ ಬಸ್ಸಿಗೆ ಹೋಗತಕ್ಕ ಹನ್ನೊಂದು ಹುಡುಗಿಯರು ಶನಿವಾರ ಹೇಗೆ ಉಳಿಯಬೇಕೆಂಬದು ಇನ್ನೂ ಬಗೆಹರಿದಿಲ್ಲ. ಊರಿನಲ್ಲಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಅವರಿಗೆ ಮಧ್ಯಾಹ್ನದ ಊಟದ ವ್ಯವಸ್ಥೆಯನ್ನು ವಹಿಸಿಕೊಂಡರೆ, ಅವರು ಎರಡನೆಯ ಬಸ್ಸಿಗೆ ಹೋಗಬಹುದಾಗಿದೆ. ಮಂಡಳಿಯ ಸಭೆಯು ಶಾಲೆ ಆರಂಭವಾಗುವದಕ್ಕೆ ಮುಂಚಿನ ವಾರದಲ್ಲಿ ಕೂಡಲಿದೆ. ಅಷ್ಟರೊಳಗೆ ಕಚೇರಿಗೆ ತಿಳಿಸಿದರೆ ಆ ಹನ್ನೊಂದು ಮಂದಿಯ ಹೆಸರನ್ನೂ ಶನಿವಾರದ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತೇನೆ.